ಊರೆಂದರೆ ಬರಿಯ ಮನೆಗಳಲ್ಲ



ಗದ್ದೆಗೆ ಬೀಜ ಹಾಕುವ ಮೊದಲು ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವುದು ನಿಮ್ಮಲ್ಲಿ ತಲೆತಲಾಂತರದಿಂದ ಬಂದ ರೂಢಿ. ಅಡಿಕೆ ಮರದ ಗರಿ ಹಳದಿಯಾದರೆ ಬುಡದಲ್ಲಿ ನೀರು ನಿಂತಿದೆಯೇ, ಬೇರಿಗೆ ಹುಳ ಬಿದ್ದಿದೆಯೇ ಎಂದು ಅಗೆದು ನೋಡುತ್ತೀರಿ. ಆದರೆ ಊರಿನಲ್ಲಿ ಒಂದು ತೊಂದರೆ ಕಂಡಾಗ ನಾವು ಹೀಗೆ ಬುಡವನ್ನು ಅಗೆದು ನೋಡುವುದಿಲ್ಲ. "ಕಾಲ ಕೆಟ್ಟಿತು", "ಈಗಿನ ಹುಡುಗರು ಸರಿಯಿಲ್ಲ", "ಎಲ್ಲ ಹಣೆಬರಹ" ಎಂದು ಹೇಳಿ ಸುಮ್ಮನಾಗುತ್ತೇವೆ. ಮಣ್ಣಿಗೆ ಒಂದು ಶಾಸ್ತ್ರವಿರುವಂತೆ, ಮನುಷ್ಯರು ಕೂಡಿ ಬಾಳುವ ಬಗೆಗೂ ಒಂದು ಶಾಸ್ತ್ರವಿದೆ. ಅದಕ್ಕೆ ಸಮಾಜಶಾಸ್ತ್ರವೆಂದು ಹೆಸರು. ಅದರ ಮೊದಲ ಪಾಠಗಳನ್ನು ದೂರದ ಉದಾಹರಣೆ ಹುಡುಕದೆ ನಮ್ಮ ಬ್ಯಾಕೋಡು, ತುಮರಿ, ಸಾಗರದ ಕಡೆಯ ಬಾಳುವೆಯಿಂದಲೇ ತಿಳಿದುಕೊಳ್ಳೋಣ.

ಗುಂಪು ಎಂದರೇನು?

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಶರಾವತಿಯ ಹಿನ್ನೀರು ಕರೂರು ಹೋಬಳಿಯ ನಮ್ಮ ಊರುಗಳನ್ನು ಸಾಗರ ಪೇಟೆಯಿಂದ ಬೇರ್ಪಡಿಸಿತು. ನೆಟ್ಟಗೆ ಹೋಗಬೇಕೆಂದರೆ ಲಾಂಚನ್ನು ಕಾಯಬೇಕು. ಇಲ್ಲವೇ ಹೊಸನಗರದ ಕಡೆಯಿಂದ ದೂರದ ಸುತ್ತು ಹಾಕಬೇಕು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ತೆರೆಯುವವರೆಗೂ ನಮ್ಮ ದಿನಚರಿಗೆ ಲಾಂಚಿನ ವೇಳೆಯೇ ಗಡಿಯಾರವಾಗಿತ್ತು.

ಆ ಲಾಂಚಿನ ಮೇಲೆ ನಿಂತಿದ್ದ ಜನರನ್ನು ನೆನಪಿಗೆ ತಂದುಕೊಳ್ಳಿ. ಸಿಗಂದೂರಿಗೆ ಬಂದ ಪರಸ್ಥಳದ ಭಕ್ತರು ಅಲ್ಲಿರುತ್ತಿದ್ದರು. ಅವರು ಒಂದೇ ಹಲಗೆಯ ಮೇಲೆ ನಿಂತಿದ್ದರೂ ಒಬ್ಬರಿಗೊಬ್ಬರು ಏನೂ ಆಗುತ್ತಿರಲಿಲ್ಲ. ದಡ ಮುಟ್ಟಿದ ಮೇಲೆ ಯಾರ ದಾರಿ ಯಾರಿಗೋ. ಇಂಥವರನ್ನು ಶಾಸ್ತ್ರದಲ್ಲಿ ಜನಸಂದಣಿ ಎನ್ನುತ್ತಾರೆ. ಅದೇ ಹಲಗೆಯ ಮೇಲೆ ನಮ್ಮ ಊರಿನವರೂ ಇರುತ್ತಿದ್ದರು. ಸಂಜೆಯ ಕೊನೆಯ ಲಾಂಚು ತಪ್ಪಿದವನಿಗೆ ಆಚೆ ದಡದಲ್ಲಿ ಯಾರ ಮನೆಯಲ್ಲಿ ಉಳಿಯಬಹುದೆಂದು ಗೊತ್ತಿತ್ತು. ರೋಗಿಯ ವಾಹನ ಬಂದರೆ ದಾರಿ ಬಿಡಬೇಕೆಂಬುದು ಯಾರೂ ಹೇಳಿಕೊಡದೆ ತಿಳಿದಿತ್ತು. ಇದು ಗುಂಪು.

ಹಾಗಾದರೆ ಗುಂಪಿನ ಲಕ್ಷಣಗಳು ಮೂರು. ಒಂದು, ಅದರಲ್ಲಿರುವವರಿಗೆ ಪರಸ್ಪರ ಕೊಡುಕೊಳೆ ಇರುತ್ತದೆ. ಎರಡು, "ನಾವು" ಎಂಬ ಭಾವನೆ ಇರುತ್ತದೆ. ಮೂರು, ಯಾರು ಹೇಗೆ ನಡೆಯಬೇಕೆಂಬ ನಿರೀಕ್ಷೆ ಇರುತ್ತದೆ. ಈ ಮೂರೂ ಇಲ್ಲದಿದ್ದರೆ ನೂರು ಮನೆ ಒತ್ತಾಗಿ ಕಟ್ಟಿದರೂ ಅದು ಊರಾಗದು. ಈ ಮೂರೂ ಇದ್ದರೆ ಗುಡ್ಡಕ್ಕೊಂದು ಮನೆಯಿರುವ ನಮ್ಮ ಮಲೆನಾಡಿನ ಹಳ್ಳಿಯೂ ಊರಾಗುತ್ತದೆ.

ಗುಂಪುಗಳಲ್ಲಿ ಎರಡು ಬಗೆ. ಮನೆ, ನೆರೆಮನೆ, ಒಟ್ಟಿಗೆ ಆಡಿ ಬೆಳೆದ ಗೆಳೆಯರು—ಇವರೊಡನೆ ನಮ್ಮ ಸಂಬಂಧ ಮುಖ ನೋಡಿ ಮಾತಾಡುವ ಸಂಬಂಧ. ಚಾರ್ಲ್ಸ್ ಕೂಲಿ ಎಂಬ ಅಮೆರಿಕದ ವಿದ್ವಾಂಸರು 1909ರಲ್ಲಿ ಇದನ್ನು ಪ್ರಾಥಮಿಕ ಗುಂಪು ಎಂದು ಕರೆದರು. ಮನುಷ್ಯನ ಸ್ವಭಾವ ರೂಪುಗೊಳ್ಳುವುದು ಇಲ್ಲಿಯೇ. ಎರಡನೆಯದು ಒಂದು ಗೊತ್ತಾದ ಕೆಲಸಕ್ಕಾಗಿ ನಿಯಮ ಬರೆದು, ಸದಸ್ಯರನ್ನು ಸೇರಿಸಿ ಕಟ್ಟಿದ ಗುಂಪು. ಶಿವಮೊಗ್ಗದಲ್ಲಿ 1939ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಇಂಥದು. ನಮ್ಮ ತಾಲ್ಲೂಕಿನ ಹೆಗ್ಗೋಡಿನಲ್ಲಿ ಹಳ್ಳಿಗರೇ ಕೂಡಿ 1949ರಲ್ಲಿ ಕಟ್ಟಿದ ನೀನಾಸಂ ನಾಟಕ ಸಂಘವೂ ಇಂಥದೇ. ಮೊದಲ ಬಗೆಯ ಗುಂಪು ನಮಗೆ ಬಳುವಳಿಯಾಗಿ ಬರುತ್ತದೆ. ಎರಡನೆಯದನ್ನು ಕಟ್ಟಿಕೊಳ್ಳಬೇಕಾಗುತ್ತದೆ. ನೆರೆಯವನ ಮೇಲೆ ಎಷ್ಟೇ ವಿಶ್ವಾಸವಿದ್ದರೂ ಅಡಿಕೆಯ ಧಾರಣೆಯನ್ನು ನೆರೆಯವನೊಬ್ಬನು ಎತ್ತಿಹಿಡಿಯಲಾರ. ಅದಕ್ಕೆ ಸಂಘವೇ ಬೇಕು. ಮನೆಯಲ್ಲಿ ಸಾವಾದಾಗ ಸಂಘದ ರಸೀತಿ ಪುಸ್ತಕ ಬಂದು ಹೆಗಲು ಕೊಡದು. ಅದಕ್ಕೆ ನೆರೆಯವನೇ ಬೇಕು.

ಸ್ಥಾನ ಮತ್ತು ಪಾತ್ರ

ಒಬ್ಬನೇ ಮನುಷ್ಯ ತಂದೆಯೂ ಹೌದು, ಅಳಿಯನೂ ಹೌದು, ಸೊಸೈಟಿಯ ನಿರ್ದೇಶಕನೂ ಹೌದು. ಇವು ಅವನ ಸ್ಥಾನಗಳು. ಒಂದೊಂದು ಸ್ಥಾನಕ್ಕೂ ತಕ್ಕ ನಡೆ ಇದೆ. ಅದು ಅವನ ಪಾತ್ರ. ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ಇಂದು ಕೃಷ್ಣ, ನಾಳೆ ಕೌರವ ಆಗುವಂತೆ ನಾವೂ ದಿನಕ್ಕೆ ನಾಲ್ಕು ವೇಷ ಕಟ್ಟುತ್ತೇವೆ. ಎರಡು ಪಾತ್ರಗಳು ಒಮ್ಮೆಲೇ ರಂಗಕ್ಕೆ ಬಂದಾಗ ತೊಡಕಾಗುತ್ತದೆ. ಹಳೆಯ ಸಾಲ ತೀರಿಸದ ಭಾವಮೈದ ಮತ್ತೆ ಸಾಲ ಬೇಕೆಂದು ಸೊಸೈಟಿಗೆ ಅರ್ಜಿ ಹಾಕಿದರೆ ನಿರ್ದೇಶಕನಾದವನು ಏನು ಮಾಡಬೇಕು? ಇಂಥ ಕಡೆ ನಿಯಮ ಬರೆದಿಡುವುದು ಮನುಷ್ಯರ ಮೇಲಿನ ಅವಿಶ್ವಾಸದಿಂದಲ್ಲ, ಅವರನ್ನು ಇಕ್ಕಟ್ಟಿನಿಂದ ಪಾರುಮಾಡುವುದಕ್ಕಾಗಿ.

ಸ್ಥಾನ ದೊರೆತ ಮಾತ್ರಕ್ಕೆ ಪಾತ್ರವೂ ದೊರೆಯುವುದಿಲ್ಲ ಎಂಬುದನ್ನೂ ಗಮನಿಸಬೇಕು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ 2010ರ ತಿದ್ದುಪಡಿಯಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಕುರ್ಚಿಯ ಮೇಲೆ ಅಕ್ಕ ಕುಳಿತು, ಸಭೆಯಲ್ಲಿ ಅವಳ ಪರವಾಗಿ ಭಾವ ಮಾತಾಡುತ್ತಿದ್ದರೆ ಕಾನೂನು ಸ್ಥಾನ ಕೊಟ್ಟಿದೆ, ಊರು ಪಾತ್ರವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ ಎಂದು ತಿಳಿಯಬೇಕು. ನಿಮ್ಮ ಊರಿನಲ್ಲಿ ಹೇಗಿದೆ ಎಂದು ನೀವೇ ನೋಡಿಕೊಳ್ಳಿ.

ರೂಢಿ, ಕಟ್ಟಳೆ, ಕಾನೂನು

ನಾಟಿಯ ಕಾಲದಲ್ಲಿ ಮುಯ್ಯಾಳಿನ ಪದ್ಧತಿಯನ್ನು ತಿಳಿಯದವರು ಮಲೆನಾಡಿನಲ್ಲಿ ಇಲ್ಲ. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಇದಕ್ಕೆ ಕರಾರುಪತ್ರವಿಲ್ಲ, ಸಾಕ್ಷಿಯಿಲ್ಲ. ಆದರೂ ಮುಯ್ಯಿ ತೀರಿಸದೆ ಉಳಿದವನನ್ನು ಮರುವರ್ಷ ಯಾರೂ ಕರೆಯುವುದಿಲ್ಲ. ಪೊಲೀಸರಿಲ್ಲದೆ ನಡೆಯುವ ಈ ಶಿಕ್ಷೆಯೇ ಸಾಮಾಜಿಕ ನಿಯಂತ್ರಣ.

ನಮ್ಮ ನಡೆಯನ್ನು ಹಿಡಿದಿಡುವ ಹಗ್ಗಗಳು ಮೂರು ಎಳೆಯವು. ಎಲೆಯ ಮೇಲೆ ಯಾವುದನ್ನು ಮೊದಲು ಬಡಿಸಬೇಕು ಎಂಬುದು ರೂಢಿ. ಅದನ್ನು ತಪ್ಪಿದವನನ್ನು ನೋಡಿ ಜನ ನಗುತ್ತಾರೆ, ಅಷ್ಟೇ. ಮುಪ್ಪಿನ ತಂದೆತಾಯಿಯರನ್ನು ನೋಡಿಕೊಳ್ಳಬೇಕು ಎಂಬುದು ಕಟ್ಟಳೆ. ಅದನ್ನು ತಪ್ಪಿದವನನ್ನು ಜನ ಹೊರಗಿನವನಂತೆ ನೋಡುತ್ತಾರೆ. ಮೂರನೆಯದು ಸರಕಾರ ಬರೆದ ಕಾನೂನು. ಅದನ್ನು ತಪ್ಪಿದವನಿಗೆ ನ್ಯಾಯಾಲಯದ ದಂಡನೆಯುಂಟು.

ಈ ಮೂರೂ ಒಂದೇ ಕಡೆಗೆ ಎಳೆದರೆ ಊರು ನೆಮ್ಮದಿಯಿಂದಿರುತ್ತದೆ. ಬೇರೆ ಬೇರೆ ಕಡೆಗೆ ಎಳೆದಾಗ ಜಗಳ. ಹಿಂದೂ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಪಾಲೆಂದು ಕರ್ನಾಟಕವು 1994ರಲ್ಲಿ ಕಾನೂನು ಮಾಡಿತು. 2005ರಲ್ಲಿ ಇಡೀ ದೇಶಕ್ಕೆ ಅದು ಅನ್ವಯವಾಯಿತು. ಆದರೆ ಪಾಲು ಕೇಳಿದ ತಂಗಿಗೆ ತವರಿನ ಬಾಗಿಲು ಮುಚ್ಚುತ್ತದೆಂಬ ಭಯ ಇನ್ನೂ ಹೋಗಿಲ್ಲ. ಆದುದರಿಂದ ಅನೇಕರು ಹಕ್ಕು ಬಿಡುಗಡೆಯ ಕಾಗದಕ್ಕೆ ರುಜು ಹಾಕಿ ಸುಮ್ಮನಾಗುತ್ತಾರೆ. ಇಲ್ಲಿ ಕಾನೂನಿಗಿಂತ ಕಟ್ಟಳೆಯ ಎಳೆತವೇ ಹೆಚ್ಚಾಗಿದೆ. ಕಾನೂನು ಮಾಡುವುದರಿಂದ ಅರ್ಧ ಕೆಲಸವಾಗುತ್ತದೆ. ಉಳಿದರ್ಧವನ್ನು ಮನೆಯ ಜಗಲಿಯಲ್ಲಿ ಕುಳಿತು ನಾವೇ ಮಾಡಬೇಕಾಗುತ್ತದೆ.

ಸಂಸ್ಥೆ: ಕಾಗೋಡು ಕಲಿಸಿದ ಪಾಠ

ಸಮಾಜಶಾಸ್ತ್ರದಲ್ಲಿ ಸಂಸ್ಥೆ ಎಂದರೆ ಕಟ್ಟಡವಲ್ಲ, ಆಫೀಸೂ ಅಲ್ಲ. ಬಾಳಿನ ಒಂದು ಮುಖ್ಯ ಕೆಲಸವನ್ನು ನಡೆಸಲು ಜನ ಒಪ್ಪಿಕೊಂಡು ಬಂದ ಸ್ಥಿರವಾದ ಏರ್ಪಾಡು ಸಂಸ್ಥೆ. ಮದುವೆ ಒಂದು ಸಂಸ್ಥೆ, ಕುಟುಂಬ ಒಂದು ಸಂಸ್ಥೆ. ನಮ್ಮ ಹಿರಿಯರು ಕಂಡ ಗೇಣಿಯೂ ಒಂದು ಸಂಸ್ಥೆಯಾಗಿತ್ತು.

ಗೇಣಿಯ ಕಾಲದಲ್ಲಿ ಭೂಮಿ ಒಡೆಯರದು, ಬೆವರು ಗೇಣಿದಾರನದು. ಸುಗ್ಗಿಯಲ್ಲಿ ಕಣದಲ್ಲೇ ಭತ್ತವನ್ನು ಕೊಳಗದಿಂದ ಅಳೆದು ಕೊಡಬೇಕು. ಆ ಏರ್ಪಾಡಿನಲ್ಲಿ ಭತ್ತದ ಲೆಕ್ಕ ಮಾತ್ರ ಇರಲಿಲ್ಲ. ಯಾರು ಎಲ್ಲಿ ಕೂರಬೇಕು, ಯಾರ ಮುಂದೆ ಹೇಗೆ ನಿಲ್ಲಬೇಕು ಎಂಬುದೂ ಅದರೊಳಗೇ ಸೇರಿತ್ತು. ಹುಟ್ಟಿದ ಮಗು ಅದನ್ನೇ ನೋಡಿ ಬೆಳೆಯುತ್ತಿತ್ತು. ಹೀಗೆ ನೋಡಿ, ಕೇಳಿ, ಗದರಿಸಿಕೊಂಡು ಸಮಾಜದ ನಡೆಯನ್ನು ಮೈಗೂಡಿಸಿಕೊಳ್ಳುವುದಕ್ಕೆ ಸಾಮಾಜೀಕರಣ ಎನ್ನುತ್ತಾರೆ. ಅದು ಮುಗಿಯುವ ಹೊತ್ತಿಗೆ ಮನುಷ್ಯ ಮಾಡಿದ ಏರ್ಪಾಡು ಮಳೆ ಬೆಟ್ಟಗಳಂತೆ ತಾನಾಗಿ ಇರುವಂಥದು ಎಂದು ತೋರುತ್ತದೆ.

ಹಾಗೆ ತೋರುವುದು ಸುಳ್ಳೆಂದು ನಮ್ಮ ತಾಲ್ಲೂಕಿನ ರೈತರೇ ತೋರಿಸಿಕೊಟ್ಟರು. ಗೇಣಿ ಅಳೆಯುವ ಕೊಳಗದ ಗಾತ್ರದ ಬಗ್ಗೆ ಕಾಗೋಡಿನಲ್ಲಿ ತಕರಾರು ಎದ್ದಿತು. ನ್ಯಾಯವಾದ ಅಳತೆ ಬೇಕೆಂದು ಗೇಣಿದಾರರು ಕೇಳಿದರು. ಅವರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ರೈತ ಸಂಘದ ಮೂಲಕ ಅವರನ್ನು ಒಗ್ಗೂಡಿಸಿದ್ದರು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹಿಡಿದು ಗದ್ದೆಗಿಳಿದು ಸತ್ಯಾಗ್ರಹ ಆರಂಭಿಸಿದರು. ತಂಡ ತಂಡವಾಗಿ ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಆ ವರ್ಷದ ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧಿತರಾದರು. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿಹೋದರು. ದೇವರಾಜ ಅರಸರ ಸರಕಾರದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿತು. ಉಳುವವನೇ ಹೊಲದೊಡೆಯನಾಗಲು ದಾರಿಯಾಯಿತು.

ಕೊಳಗದ ತಕರಾರು ಅಷ್ಟು ದೂರ ಹೋದುದು ಹೇಗೆ? ಒಬ್ಬ ಗೇಣಿದಾರ ಒಬ್ಬಂಟಿಯಾಗಿ ಕೊಳಗ ದೊಡ್ಡದಾಯಿತೆಂದಿದ್ದರೆ ಅದು ಅವನ ಸ್ವಂತ ಗೊಣಗಾಟವಾಗುತ್ತಿತ್ತು; ಮರುವರ್ಷ ಅವನ ಗದ್ದೆ ಇನ್ನೊಬ್ಬನ ಪಾಲಾಗುತ್ತಿತ್ತು. ಎಲ್ಲರ ಕೊಳಗವೂ ಒಂದೇ ಎಂದು ಕಂಡುಕೊಂಡ ದಿನ ಅದು ಊರಿನ ಪ್ರಶ್ನೆಯಾಯಿತು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದರಿಂದ ಉಪಯೋಗವಿದೆ.

ಯಾರ ಮಾತು ನಡೆಯುತ್ತದೆ?

ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸ್ ಅವರು ನಮ್ಮ ದೇಶದ ಹೆಸರಾಂತ ಸಮಾಜಶಾಸ್ತ್ರಜ್ಞರು. ಪುಸ್ತಕದ ಹಳ್ಳಿ ಬೇರೆ, ಕಣ್ಣಿಗೆ ಕಾಣುವ ಹಳ್ಳಿ ಬೇರೆ ಎಂಬುದು ಅವರ ನಂಬಿಕೆ. 1948ರಲ್ಲಿ ಮೈಸೂರು ಜಿಲ್ಲೆಯ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲಿಯೇ ನೆಲಸಿದರು. ಬರೆಯುವಾಗ ಅದಕ್ಕೆ ರಾಮಪುರ ಎಂದು ಹೆಸರಿಟ್ಟರು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಬೆಂಕಿ ಬಿದ್ದು ಅವರ ಸಂಸ್ಕರಿಸಿದ ಟಿಪ್ಪಣಿಗಳು ಸುಟ್ಟುಹೋದವು. ಆಗ ನೆನಪಿನಿಂದಲೇ ಆ ಹಳ್ಳಿಯ ಕುರಿತು ಒಂದು ಗ್ರಂಥ ಬರೆದರು. ಅದು 1976ರಲ್ಲಿ ಪ್ರಕಟವಾಯಿತು.

ಊರಿನಲ್ಲಿ ಯಾರ ಮಾತು ನಡೆಯುತ್ತದೆಂಬುದು ಶಾಸ್ತ್ರಗ್ರಂಥದ ಮೇಲುಕೀಳಿನಿಂದ ನಿರ್ಧಾರವಾಗುವುದಿಲ್ಲ ಎಂದು ಅವರು ಕಂಡುಕೊಂಡರು. ಯಾರ ಸಂಖ್ಯೆ ಹೆಚ್ಚು, ಯಾರ ಕೈಯಲ್ಲಿ ಭೂಮಿ ಹೆಚ್ಚು, ಯಾರ ಮಕ್ಕಳು ಓದಿ ಸರಕಾರಿ ಕೆಲಸ ಹಿಡಿದಿದ್ದಾರೆ—ಇವುಗಳ ಮೇಲೆ ಅದು ನಿಂತಿರುತ್ತದೆ. ಇಂಥ ಬಲವುಳ್ಳ ಜಾತಿಯನ್ನು ಅವರು ಪ್ರಬಲ ಜಾತಿ ಎಂದು ಕರೆದರು. ಗ್ರಾಮಸಭೆಯಲ್ಲಿ ಮುಂದಿನ ಸಾಲಿನಲ್ಲಿ ಯಾರು ಕೂರುತ್ತಾರೆ, ಕಂಬಕ್ಕೆ ಒರಗಿ ಹಿಂದೆ ನಿಲ್ಲುವವರು ಯಾರು, ಬಾರದೆ ಉಳಿದವರು ಯಾರು ಎಂದು ಒಮ್ಮೆ ಗುರುತು ಹಾಕಿಕೊಳ್ಳಿ. ರಸ್ತೆ ಯಾವ ಕೇರಿಗೆ ಮೊದಲು ಹೋಯಿತು, ನಲ್ಲಿ ಯಾವ ಕೇರಿಗೆ ಕೊನೆಗೆ ಬಂತು ಎಂಬುದಕ್ಕೆ ಅನೇಕ ಸಲ ಅಲ್ಲಿಯೇ ಉತ್ತರ ಸಿಕ್ಕುತ್ತದೆ.

ಬದಲಾವಣೆ

ಸಮಾಜ ನಿಂತ ನೀರಲ್ಲ. ಕೆಲವು ಬದಲಾವಣೆಗಳು ಒಳಗಿನಿಂದ ಬರುತ್ತವೆ, ಕಾಗೋಡಿನದು ಅಂಥದು. ಕೆಲವು ಹೊರಗಿನಿಂದ ಬಂದು ಬೀಳುತ್ತವೆ. ಲಿಂಗನಮಕ್ಕಿಯ ನೀರು ಏರಿದಾಗ ಮುಳುಗಿದ್ದು ಗದ್ದೆ ಮನೆಗಳಷ್ಟೇ ಅಲ್ಲ. ಮುಯ್ಯಾಳಿಗೆ ಬರುತ್ತಿದ್ದ ನೆರೆ ಚದರಿತು, ಒಂದೇ ದೇವರ ಬನಕ್ಕೆ ನಡೆಯುತ್ತಿದ್ದವರು ದಿಕ್ಕಿಗೊಬ್ಬರಾದರು. ಪರಿಹಾರದ ಲೆಕ್ಕದಲ್ಲಿ ಎಕರೆ ಬರೆದರು. ನೆರೆಯನ್ನು ಬರೆಯಲು ಅದರಲ್ಲಿ ಕಾಲಮೇ ಇರಲಿಲ್ಲ. ಬದಲಿಗೆ ಕೊಟ್ಟ ನೆಲದ ಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ಅನೇಕ ಕುಟುಂಬಗಳಿಗೆ ಇನ್ನೂ ಬಗೆಹರಿದಿಲ್ಲ. ನಾಡಿಗೆ ಬೆಳಕು ಬಂದುದು ನಿಜ. ಅದರ ಬೆಲೆಯನ್ನು ಯಾರು ತೆತ್ತರು ಎಂಬುದೂ ನಿಜ.

ಉಪಕರಣಗಳು ಬೇಗ ಬದಲಾಗುತ್ತವೆ, ನಡೆನುಡಿಗಳು ನಿಧಾನವಾಗಿ ಬದಲಾಗುತ್ತವೆ ಎಂದು ಆಗ್ಬರ್ನ್ ಎಂಬ ಅಮೆರಿಕದ ವಿದ್ವಾಂಸರು 1922ರಲ್ಲಿ ಹೇಳಿದರು. ಎರಡರ ನಡುವಣ ಅಂತರದಲ್ಲಿಯೇ ತೊಂದರೆ ಹುಟ್ಟುತ್ತದೆ. ಅಡಿಕೆ ಸುಲಿಯುವ ಯಂತ್ರ ಬಂದಿತು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಸರಿರಾತ್ರಿಯವರೆಗೆ ಸುಲಿಯುವ ಕಷ್ಟ ತಗ್ಗಿತು. ಅದು ಒಳ್ಳೆಯದೇ. ಆದರೆ ಆ ಅಂಗಳದಲ್ಲಿ ಕೆಲಸದ ಜೊತೆಗೆ ಬೇರೆಯದೂ ನಡೆಯುತ್ತಿತ್ತು. ಹೆಂಗಸರು ತಮ್ಮ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು, ಸಂಬಂಧಗಳು ಕುದುರುತ್ತಿದ್ದವು, ಮಕ್ಕಳು ಕತೆ ಕೇಳುತ್ತಿದ್ದರು. ಯಂತ್ರ ಅಡಿಕೆಯನ್ನು ಸುಲಿಯಿತು, ಆ ಮಾತುಕತೆಗೆ ಬೇರೆ ಜಾಗವನ್ನು ನಾವು ಇನ್ನೂ ಮಾಡಿಕೊಟ್ಟಿಲ್ಲ.

ಸೇತುವೆಯೂ ಹಾಗೆಯೇ. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಆ ಸೇತುವೆಗಾಗಿ ಈ ಭಾಗದ ಜನ ದಶಕಗಳ ಕಾಲ ಕಾದರು. ರಾತ್ರಿ ಹೆರಿಗೆ ನೋವು ಬಂದವಳನ್ನು ಇನ್ನು ಲಾಂಚಿಗಾಗಿ ಕಾಯಿಸಬೇಕಾಗಿಲ್ಲ. ಆದರೆ ಸೇತುವೆಗೆ ಎರಡು ತುದಿ. ನಮ್ಮ ಅಡಿಕೆ ಆಚೆ ಹೋಗುವ ದಾರಿಯಲ್ಲಿಯೇ ಜಮೀನು ಕೊಳ್ಳುವವರು ಈಚೆ ಬರುತ್ತಾರೆ, ನಮ್ಮ ಮಕ್ಕಳು ಆಚೆ ಹೋಗುತ್ತಾರೆ. ಯಾವ ಭೂಮಿಯನ್ನು ಮಾರಬಾರದು, ದಾರಿಯ ಬದಿ ಅಂಗಡಿ ಯಾರದಾಗಬೇಕು, ಯಾತ್ರಿಕರು ಬಿಟ್ಟುಹೋಗುವ ಕಸಕ್ಕೆ ಯಾರು ಹೊಣೆ—ಇವನ್ನು ಊರು ಕೂಡಿ ಈಗಲೇ ಯೋಚಿಸದಿದ್ದರೆ ಬೇರೆಯವರು ನಮ್ಮ ಪರವಾಗಿ ಯೋಚಿಸಿಬಿಡುತ್ತಾರೆ.

ಸ್ವಂತ ಕಷ್ಟವೋ, ಊರಿನ ಪ್ರಶ್ನೆಯೋ?

ಕೊನೆಯದಾಗಿ, ಈ ಶಾಸ್ತ್ರದ ಅತ್ಯಂತ ಉಪಯುಕ್ತವಾದ ಮಾತು. ರೈಟ್ ಮಿಲ್ಸ್ ಎಂಬವರು 1959ರಲ್ಲಿ ಇದನ್ನು ವಿವರಿಸಿದರು. ಊರಿನಲ್ಲಿ ಒಬ್ಬನಿಗೆ ಕೆಲಸವಿಲ್ಲದಿದ್ದರೆ ಅವನ ಗುಣ, ಓದು, ಆರೋಗ್ಯವನ್ನು ವಿಚಾರಿಸಬೇಕು. ನೂರಾರು ಜನರಿಗೆ ಕೆಲಸವಿಲ್ಲದಿದ್ದರೆ ಅವರ ಗುಣವನ್ನು ವಿಚಾರಿಸಿ ಫಲವಿಲ್ಲ, ಏರ್ಪಾಡನ್ನು ವಿಚಾರಿಸಬೇಕು. ಮೊದಲನೆಯದು ಸ್ವಂತ ಕಷ್ಟ, ಎರಡನೆಯದು ಸಮಾಜದ ಪ್ರಶ್ನೆ.

ಇದನ್ನು ನಮ್ಮ ಮನೆಗಳಿಗೆ ಹಚ್ಚಿ ನೋಡೋಣ. ತೋಟವಿದ್ದು, ಮನೆಯಿದ್ದು, ಕೆಟ್ಟ ಚಟವಿಲ್ಲದ ಹುಡುಗನಿಗೆ ಮೂವತ್ತೈದು ದಾಟಿದರೂ ಹೆಣ್ಣು ಸಿಕ್ಕುತ್ತಿಲ್ಲ. ತಾಯಿ ಜಾತಕ ಹಿಡಿದು ಅಲೆಯುತ್ತಾಳೆ, ಹರಕೆ ಹೊರುತ್ತಾಳೆ. ಹುಡುಗ ಮದುವೆಮನೆಗಳಿಗೆ ಹೋಗುವುದನ್ನೇ ಬಿಡುತ್ತಾನೆ. ತನ್ನಲ್ಲೇ ಏನೋ ಕೊರತೆಯಿದೆ ಎಂದು ಒಳಗೊಳಗೇ ಕುಗ್ಗುತ್ತಾನೆ. ಆದರೆ ಹೀಗಾಗಿರುವುದು ಅವನೊಬ್ಬನಿಗೇ ಅಲ್ಲ. ನೆರೆಯ ಮನೆಯಲ್ಲೂ ಇದೇ, ಆಚೆ ಕೇರಿಯಲ್ಲೂ ಇದೇ, ಮಲೆನಾಡಿನ ಉದ್ದಕ್ಕೂ ಇದೇ ಮಾತು. ಅಂದಮೇಲೆ ಇದು ಜಾತಕದ ದೋಷವಾಗಲು ಸಾಧ್ಯವೇ?

ಹಾಗಾದರೆ ಹೆಣ್ಣುಮಕ್ಕಳನ್ನು ದೂರೋಣವೇ? ಅದೂ ತಪ್ಪು. ತೋಟದ ಮನೆಗೆ ಬಂದವಳ ದುಡಿಮೆಗೆ ಹೊತ್ತು ಗೊತ್ತು ಇಲ್ಲ; ಕೊಟ್ಟಿಗೆ, ಅಡುಗೆ, ಸುಗ್ಗಿ ಎಲ್ಲಕ್ಕೂ ಅವಳೇ. ಪಹಣಿಯಲ್ಲಿ ಮಾತ್ರ ಅವಳ ಹೆಸರಿರುವುದಿಲ್ಲ, ಕೈಗೆ ಸ್ವಂತ ಕಾಸು ಬರುವುದಿಲ್ಲ. ಓದಿದ ಹುಡುಗಿ ಇದನ್ನು ತನ್ನ ತಾಯಿಯ ಬಾಳಿನಲ್ಲಿಯೇ ನೋಡಿದ್ದಾಳೆ. ಅನೇಕ ಸಲ ಆ ತಾಯಿಯೇ "ನಿನಗೆ ಈ ಪಾಡು ಬೇಡ" ಎಂದು ಹೇಳಿ ಓದಿಸಿರುತ್ತಾಳೆ. ಶಾಲೆ ಬಂದಿತು, ಆಸೆ ಬದಲಾಯಿತು. ಮನೆಯ ಏರ್ಪಾಡು ಮಾತ್ರ ಹಳೆಯದೇ ಉಳಿಯಿತು. ಆಗ್ಬರ್ನ್ ಹೇಳಿದ ಅಂತರ ಇಲ್ಲಿಯೂ ಕಾಣುತ್ತದೆ.

ಇದು ತಿಳಿದರೆ ಏನು ಉಪಕಾರ ಎಂದು ನೀವು ಕೇಳಬಹುದು. ಉಪಕಾರ ಎರಡು. ಮೊದಲನೆಯದು, ಆ ಹುಡುಗ ತಲೆಯೆತ್ತಿ ನಡೆಯಬಹುದು. ಅವನ ಮನಸ್ಸಿನ ಮೇಲಿನ ಕಲ್ಲು ಇಳಿಯುತ್ತದೆ. ಎರಡನೆಯದು, ಹರಕೆಯಿಂದ ಆಗದ ಕೆಲಸ ಏರ್ಪಾಡಿನಿಂದ ಆಗಬಹುದು. ಸೊಸೆಯ ಹೆಸರನ್ನೂ ಜಮೀನಿಗೆ ಸೇರಿಸುವುದು, ತೋಟದ ಆದಾಯದಲ್ಲಿ ಅವಳಿಗೆ ಗೊತ್ತಾದ ಪಾಲು, ಅವಳ ಓದಿಗೆ ತಕ್ಕ ಉದ್ಯೋಗ ಇಲ್ಲಿಯೇ ದೊರೆಯುವಂತೆ ಸಂಘ ಕಟ್ಟುವುದು—ಇವು ಒಂದು ಮನೆ ಒಂಟಿಯಾಗಿ ಮಾಡಿದರೆ ಸುದ್ದಿಯಾಗುತ್ತದೆ, ಹತ್ತು ಮನೆ ಕೂಡಿ ಮಾಡಿದರೆ ರೂಢಿಯಾಗುತ್ತದೆ.

ನೀವು ಮಾಡಬಹುದಾದ ಕೆಲಸ

ಈ ತಿಂಗಳ ಒಂದು ಸಂಜೆ ಊರಿನ ಶಾಲೆಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಸೇರಿ. ಹೆಂಗಸರೂ ಯುವಕರೂ ಬರುವಂಥ ವೇಳೆಯನ್ನೇ ಆರಿಸಿ. ಒಂದು ಕಾಗದದ ಮೇಲೆ ಈ ಐದನ್ನು ಬರೆಯಿರಿ:

1. ಇಪ್ಪತ್ತು ವರ್ಷದ ಹಿಂದೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿತ್ತು, ಇಂದು ಎಷ್ಟರಲ್ಲಿ?

2. ಮುಯ್ಯಾಳು ಇನ್ನೂ ನಡೆಯುವ ಮನೆಗಳು ಎಷ್ಟು? ನಿಂತುಹೋದಲ್ಲಿ ಯಾಕೆ ನಿಂತಿತು?

3. ಎಷ್ಟು ಪಹಣಿಗಳಲ್ಲಿ ಹೆಂಗಸರ ಹೆಸರಿದೆ?

4. ಹೋದ ಗ್ರಾಮಸಭೆಗೆ ಬಾರದ ಕೇರಿ ಯಾವುದು? ಯಾಕೆ ಬರಲಿಲ್ಲ?

5. ಹಣೆಬರಹವೆಂದು ಬಿಟ್ಟ ಯಾವ ಕಷ್ಟ ಹತ್ತು ಮನೆಗಳಲ್ಲಿ ಒಂದೇ ತೆರನಾಗಿದೆ?

ಯಾರ ಮೇಲೂ ತಪ್ಪು ಹೊರಿಸಲು ಈ ಲೆಕ್ಕ ಬೇಡ. ಮೊದಲ ಸಂಜೆಯೇ ಪರಿಹಾರ ಸಿಗಬೇಕೆಂದೂ ಇಲ್ಲ. ವೈದ್ಯ ಮೊದಲು ನಾಡಿ ಹಿಡಿಯುತ್ತಾನೆ, ಆಮೇಲೆ ಮದ್ದು. ಐದನೆಯ ಪ್ರಶ್ನೆಗೆ ಬಂದ ಉತ್ತರವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡು ಮುಂದಿನ ಗ್ರಾಮಸಭೆಗೆ ಒಯ್ಯಿರಿ. ಕಾಗೋಡಿನ ಹಿರಿಯರು ಕೊಳಗವೊಂದನ್ನು ಕೂಡಿ ಅಳೆದು ನೋಡಿದರು. ನಮ್ಮ ಕಾಲದ ಕೊಳಗ ಯಾವುದೆಂದು ನಾವು ಕೂಡಿ ಅಳೆದು ನೋಡೋಣ.